ಕಷಾಯದ ವಿಷಯ ಡಾಕ್ಟರಿಗೆ ಹೇಳಿದ್ದೀರಾ?

ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು ‘ಹೀಟ್ ಆಗಿದೆ’. ಒಂದು ವಾರ ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದ ಪಾನಕ. ಕಡಿಮೆಯಾಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮೆಟ್ರೊನಿಡಜೋಲ್. ಅದಕ್ಕೂ ಜಗ್ಗದಿದ್ದರೆ ಬಸ್‌ಸ್ಟ್ಯಾಂಡ್ ಸುತ್ತಮುತ್ತ ಗೋಡೆಗೆ ಅಂಟಿಸಿದ ‘ಮೂಲವ್ಯಾಧಿಗೆ ಶಾಶ್ವತ ಪರಿಹಾರ’ದ ಚೀಟಿ. ಹೀಗೆ ಸುತ್ತಾಡಿ ಸುತ್ತಾಡಿ ಕೊಲೊನೊಸ್ಕೋಪಿ ಮಾಡಿಸುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಹಿಮೋಗ್ಲೋಬಿನ್ ಇಳಿದಿರುತ್ತದೆ, ಪ್ಯಾಂಟು ಸಡಿಲವಾಗಿರುತ್ತದೆ.

ಕರುಳಿನ ಉರಿಯೂತದ ಕಾಯಿಲೆ, ಡಾಕ್ಟರುಗಳ ಬಾಯಲ್ಲಿ ಐಬಿಡಿ, ಎರಡು ಮುಖ್ಯ ಬಗೆಯದು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಗುದದ್ವಾರದ ಕಡೆಯಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು, ಕರುಳನ್ನು ಕಿರಿದು ಮಾಡಬಹುದು. ನಮ್ಮ ದೇಶದಲ್ಲಿ ಮೊದಲನೆಯದೇ ಹೆಚ್ಚು. ಎರಡೂ ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆಗಳಲ್ಲ, ಹತೋಟಿಯಲ್ಲಿಟ್ಟು ಬಾಳಬೇಕಾದವು. ಟೆನ್ಷನ್ನಿಗೆ ಹೊಟ್ಟೆ ಕೆಡುವ ಐಬಿಎಸ್ ಬೇರೆ. ಅದರಲ್ಲಿ ರಕ್ತ ಬರುವುದಿಲ್ಲ, ಜ್ವರ ಬರುವುದಿಲ್ಲ, ತೂಕ ಇಳಿಯುವುದಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸುವ ಭೇದಿ ಇದ್ದರೆ ಅದನ್ನು ಐಬಿಎಸ್ ಎಂದು ಯಾರು ಹೇಳಿದರೂ ಒಪ್ಪಬೇಡಿ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಅವಳಿಗಳಂತೆ ಕಾಣುತ್ತವೆ: ಅದೇ ಹೊಟ್ಟೆನೋವು, ಅದೇ ಜ್ವರ, ಸ್ಕೋಪಿಯಲ್ಲೂ ಹೆಚ್ಚುಕಡಿಮೆ ಅದೇ ಹುಣ್ಣು. ಕ್ಷಯ ಇರುವವರಿಗೆ ಕ್ರೋನ್ಸ್ ಎಂದುಕೊಂಡು ಸ್ಟೆರಾಯ್ಡ್ ಕೊಟ್ಟರೆ ಕ್ಷಯ ಮೈತುಂಬ ಹರಡಬಹುದು. ಅದಕ್ಕೇ ಬಯಾಪ್ಸಿ, ಸಿ.ಟಿ., ಎದೆಯ ಎಕ್ಸ್‌ರೇ ಎಲ್ಲ ಆದಮೇಲೂ ಅನುಮಾನ ಉಳಿದರೆ ವೈದ್ಯರು ಮೊದಲು ಕ್ಷಯದ ಔಷಧಿಯನ್ನೇ ಕೊಟ್ಟು, ಎರಡು ಮೂರು ತಿಂಗಳ ನಂತರ ಮತ್ತೆ ಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ನೋಡುತ್ತಾರೆ. ‘ಡಾಕ್ಟರಿಗೆ ಏನೂ ಗೊತ್ತಾಗ್ತಿಲ್ಲ’ ಎಂದು ಈ ಹಂತದಲ್ಲಿ ಆಸ್ಪತ್ರೆ ಬದಲಿಸುವವರು ಬಹಳ. ಬದಲಿಸಬೇಡಿ. ಹೀಗೆ ಕಾದು ನೋಡುವುದೇ ಇಲ್ಲಿ ಜಾಣತನ.

ಇನ್ನು ಔಷಧಿ. ಸೌಮ್ಯ ಮತ್ತು ಮಧ್ಯಮ ಕೊಲೈಟಿಸ್‌ಗೆ ಮೆಸಲಮಿನ್ ಮೊದಲ ಮದ್ದು, ದಿನಕ್ಕೆ 2ರಿಂದ 4.8 ಗ್ರಾಂವರೆಗೆ. ಇದರ ಹಿರಿಯಣ್ಣ ಸಲ್ಫಸಲಜಿನ್ ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತದೆ, ಕೀಲುನೋವೂ ಇದ್ದವರಿಗೆ ಒಳ್ಳೆಯದು. ಆದರೆ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡುತ್ತದೆ (ನಿಲ್ಲಿಸಿದರೆ ಸರಿಹೋಗುತ್ತದೆ), ಜೊತೆಗೆ ಫೋಲಿಕ್ ಆಸಿಡ್ ಬೇಕು. ಹೊಸದಾಗಿ ಮದುವೆಯಾದ ಹುಡುಗ ಇದನ್ನು ಮೊದಲೇ ತಿಳಿದಿರಬೇಕು, ಎರಡು ವರ್ಷ ಬಿಟ್ಟು ಅಲ್ಲ.

ಮೆಸಲಮಿನ್ ವಿಷಯದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಹಿಂದಿನಿಂದ ಕೊಡುವ ಮದ್ದನ್ನು ನಿರಾಕರಿಸುವುದು. ಹುಣ್ಣು ಗುದನಾಳದಲ್ಲೇ ಇದ್ದರೆ ಮಾತ್ರೆಗಿಂತ ಸಪೊಸಿಟರಿ ಚೆನ್ನಾಗಿ ಕೆಲಸ ಮಾಡುತ್ತದೆ. ಎಡಭಾಗದ ಕರುಳಿಗೂ ಹಬ್ಬಿದ್ದರೆ ಮಾತ್ರೆ ಮತ್ತು ಎನಿಮಾ ಎರಡೂ ಸೇರಿದಾಗಿನ ಗುಣ ಒಂದರಿಂದಲೇ ಸಿಗುವುದಿಲ್ಲ. ಬರೆದುಕೊಟ್ಟ ಎನಿಮಾವನ್ನು ನಾಚಿಕೆಯಿಂದ ಫ್ರಿಜ್ಜಿನ ಮೇಲೆ ಧೂಳು ಹಿಡಿಯಲು ಬಿಟ್ಟವರೇ ನಾಳೆ ಆಯುರ್ವೇದ ಚಿಕಿತ್ಸಾಲಯದಲ್ಲಿ ಬಸ್ತಿಗೆ ಖುಷಿಯಾಗಿ ಮಲಗುತ್ತಾರೆ! ಬಸ್ತಿ ಎಂದರೂ ಅದೇ ದಾರಿ ತಾನೆ. ಬಸ್ತಿಯನ್ನು ಅರ್ಧ ಚಿಕಿತ್ಸೆ ಎಂದೇ ಆಯುರ್ವೇದ ಕರೆಯುತ್ತದೆ. ಬೂರುಗದ ಅಂಟಿನ ಪಿಚ್ಛಾಬಸ್ತಿಯನ್ನು ರಕ್ತಭೇದಿಗೆ ಹೇಳಿದ ವೈದ್ಯರಿಗೂ ಮೆಸಲಮಿನ್ ಎನಿಮಾ ತಯಾರಿಸಿದವರಿಗೂ ಹೊಳೆದದ್ದು ಒಂದೇ ವಿಚಾರ: ಹುಣ್ಣು ಇರುವಲ್ಲಿಗೇ ಮದ್ದು ಮುಟ್ಟಲಿ. ರಾತ್ರಿ ಮಲಗುವ ಮುನ್ನ ಎಡ ಮಗ್ಗುಲಿಗೆ ತಿರುಗಿ, ಬಲಗಾಲು ಮಡಿಸಿ, ಎನಿಮಾವನ್ನು ಮೈ ಬಿಸಿಗೆ ಬರುವಷ್ಟು ಬೆಚ್ಚಗೆ ಮಾಡಿ ಹಾಕಿಕೊಳ್ಳಿ. ಮೊದಲ ಕೆಲವು ರಾತ್ರಿ ನಿಲ್ಲದೆ ಹೊರಬರಬಹುದು, ಉರಿ ತಗ್ಗಿದ ಹಾಗೆ ನಿಲ್ಲುತ್ತದೆ.

ರೋಗ ಜೋರಾದಾಗ ಸ್ಟೆರಾಯ್ಡ್, ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂನಿಂದ ಶುರು. ಮೂರು ದಿನದಲ್ಲೇ ಜೀವ ಬಂದ ಹಾಗಾಗುತ್ತದೆ. ಅಪಾಯವೂ ಅಲ್ಲೇ ಇರುವುದು. ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ತರಿಸಿ ನುಂಗುವವರಿಗೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಸ್ಟೆರಾಯ್ಡ್ ಇರುವುದು ಬೆಂಕಿ ಆರಿಸಲು ಮಾತ್ರ. ವಾರವಾರ ಇಳಿಸುತ್ತ ನಿಲ್ಲಿಸಬೇಕು, ಒಂದೇ ಸಲ ಬಿಡಲೂಬಾರದು. ವರ್ಷಕ್ಕೆ ಎರಡು ಸಲ ಸ್ಟೆರಾಯ್ಡ್ ಬೇಕಾಯಿತು ಎಂದರೆ ಮುಂದಿನ ಮೆಟ್ಟಿಲಿಗೆ ಹೋಗುವ ಮಾತನ್ನು ನೀವೇ ಎತ್ತಿ.

ಆ ಮೆಟ್ಟಿಲಲ್ಲಿ ಮೊದಲಿರುವುದು ಅಜಥಿಯೊಪ್ರಿನ್. ಬೆಲೆ ಕಡಿಮೆ, ಪರಿಣಾಮ ಕಾಣಲು ಎರಡು ಮೂರು ತಿಂಗಳು. ಏಷ್ಯಾದವರಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ ಇದ್ದವರಿಗೆ ಬಿಳಿ ರಕ್ತಕಣ ದಿಢೀರ್ ಕುಸಿಯಬಹುದು, ಕೂದಲು ಗೊಂಚಲುಗೊಂಚಲಾಗಿ ಉದುರಬಹುದು. ಜೀನ್ ಪರೀಕ್ಷೆ ಆಗದಿದ್ದರೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ಮೊದಲ ಎರಡು ತಿಂಗಳು ಪದೇ ಪದೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಲೇಬೇಕು. ಇದು ಭದ್ರಾವತಿಯ ಯಾವ ಲ್ಯಾಬಿನಲ್ಲೂ ಆಗುವ ಪರೀಕ್ಷೆ, ನೆಪ ಹೇಳುವಂತಿಲ್ಲ.

ಅದರಾಚೆ ಬಯಾಲಜಿಕ್ ಇಂಜೆಕ್ಷನ್‌ಗಳು. ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಶುರುವಿನ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಅಡಲಿಮುಮ್ಯಾಬ್ ಅನ್ನು ಚರ್ಮದಡಿ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಅದರ ಜಗತ್ತಿನ ಮೊದಲ ಬಯೋಸಿಮಿಲರ್ 2014ರಲ್ಲಿ ಬಂದದ್ದು ನಮ್ಮ ದೇಶದ ಕಂಪನಿಯಿಂದಲೇ. ಇವುಗಳಿಗೆ ಮೊದಲು ಮಲಗಿರುವ ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಮಾತ್ರೆಯ ರೂಪದಲ್ಲೇ ಬರುವ ಟೊಫಾಸಿಟಿನಿಬ್‌ನ ಜೆನೆರಿಕ್ ಬಂದಮೇಲೆ ಮಧ್ಯಮ ವರ್ಗಕ್ಕೆ ಸ್ವಲ್ಪ ಉಸಿರಾಡುವಂತಾಗಿದೆ. ಆದರೆ ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆಯ ಎಚ್ಚರಿಕೆ ಅದಕ್ಕಿದೆ. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು ಅದರ ಹತ್ತಿರ ಹೋಗುವ ಮೊದಲು ಯೋಚಿಸಬೇಕು. ಯಾವುದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಕೊಲೈಟಿಸ್‌ನಲ್ಲಿ ದೊಡ್ಡ ಕರುಳು ತೆಗೆದರೆ ಕರುಳಿನ ಆ ರೋಗವೇ ಹೋಗುತ್ತದೆ.

ಇಷ್ಟು ಓದಿದ ಮೇಲೆ ಮನೆಯ ಹಿರಿಯರೊಬ್ಬರು ಹೇಳುವುದು ಖಚಿತ: ‘ಇಷ್ಟೆಲ್ಲ ಇಂಗ್ಲಿಷ್ ಮದ್ದು ಯಾಕೆ? ನಾಟಿ ಔಷಧಿ ಮಾಡಿಸಿ.’ ಇದು ಆನಂದಪುರದ ಬಳಿಯ ನರಸೀಪುರಕ್ಕೆ ಮರದ ತೊಗಟೆಯ ಮದ್ದಿಗಾಗಿ ಹೊರರಾಜ್ಯದವರೂ ಬಂದು ಸಾಲು ನಿಂತ ಶಿವಮೊಗ್ಗ ಜಿಲ್ಲೆ. ಇಲ್ಲಿ ಆ ಮಾತನ್ನು ನಕ್ಕು ತಳ್ಳಿಹಾಕಿದರೆ ರೋಗಿ ಕಷಾಯ ಬಿಡುವುದಿಲ್ಲ, ಡಾಕ್ಟರಿಗೆ ಹೇಳುವುದನ್ನು ಬಿಡುತ್ತಾನೆ. ನನ್ನ ಲೆಕ್ಕದಲ್ಲಿ ಅಪಾಯ ಕಷಾಯಕ್ಕಿಂತ ಗುಟ್ಟಿನಲ್ಲೇ ಜಾಸ್ತಿ. ಗಿಡಮೂಲಿಕೆಗೆ ಶಕ್ತಿ ಇದೆ ಎಂದು ನಂಬುವುದಾದರೆ, ಆ ಶಕ್ತಿ ತಪ್ಪು ದಿಕ್ಕಿಗೂ ಕೆಲಸ ಮಾಡಬಲ್ಲದು ಎಂದೂ ನಂಬಬೇಕಾಗುತ್ತದೆ. ಇದಕ್ಕೆ ಒಳ್ಳೆಯ ಪಾಠ ಸಿಗುವುದು ಚೀನೀ ವೈದ್ಯದಿಂದ.

ಅಚ್ಚರಿ ಎಂದರೆ ಚೀನೀ ವೈದ್ಯರೂ ರಕ್ತಭೇದಿಯ ಈ ಕಾಯಿಲೆಯನ್ನು ದೊಡ್ಡ ಕರುಳಲ್ಲಿ ತೇವ ಮತ್ತು ಉಷ್ಣ ಸೇರಿಕೊಂಡದ್ದು ಎಂದೇ ನೋಡುತ್ತಾರೆ. ಆ ಉಷ್ಣ ಇಳಿಸಲು ಅವರು ಬಳಸುವ ಮದ್ದುಗಳಲ್ಲಿ ಒಂದು ಚಿಂಗ್ ದಾಯಿ, ಅಂದರೆ ನೀಲಿ ಜಾತಿಯ ಗಿಡಗಳ ಎಲೆ ಕೊಳೆಸಿ ತೆಗೆದ ಕಡುನೀಲಿ ಪುಡಿ. ಜಪಾನಿನಲ್ಲಿ 86 ಕೊಲೈಟಿಸ್ ರೋಗಿಗಳ ಮೇಲೆ ಇದನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಎಂಟು ವಾರದಲ್ಲಿ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಗುಣ ಕಂಡರೆ, ನೀಲಿ ಪುಡಿ ತೆಗೆದುಕೊಂಡವರಲ್ಲಿ ಪ್ರಮಾಣಕ್ಕೆ ತಕ್ಕಂತೆ 70ರಿಂದ 81 ಮಂದಿಗೆ. ಯಾವ ಕಂಪನಿಯ ಮಾತ್ರೆಯೂ ಹೊಟ್ಟೆಕಿಚ್ಚು ಪಡುವ ಅಂಕಿ! ಆದರೆ ಅದೇ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕಾರಣ, ಹೊರಗೆ ಸ್ವಂತಕ್ಕೆ ಈ ಪುಡಿ ತಿನ್ನುತ್ತಿದ್ದವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರುವ ಗಂಭೀರ ತೊಂದರೆ ವರದಿಯಾಯಿತು. ಜಪಾನ್ ಸರ್ಕಾರ 2016ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಈಗ ಆನ್‌ಲೈನ್‌ನಲ್ಲಿ ಈ ಪುಡಿ ಹುಡುಕುವ ನಮ್ಮ ಹುಡುಗರು ಮೊದಲರ್ಧ ಓದಿ ಆರ್ಡರ್ ಮಾಡುತ್ತಾರೆ. ನಡೆದರೆ ಏದುಸಿರು, ಕಾಲು ಬಾವು ಬಂದರೆ ಅದು ‘ವೀಕ್‌ನೆಸ್’ ಅಲ್ಲ. ಹೃದಯದ ಎಕೋ ಆಗಬೇಕು. (ತಲೆಗೆ ಹಚ್ಚುವ ನೀಲಿಭೃಂಗಾದಿ ಎಣ್ಣೆಗೂ ಇದಕ್ಕೂ ಸಂಬಂಧ ಕಟ್ಟಿ ಗಾಬರಿಯಾಗಬೇಡಿ. ಹಚ್ಚುವುದೇ ಬೇರೆ, ದಿನಾ ನುಂಗುವುದೇ ಬೇರೆ.)

ಎರಡನೆಯ ಪಾಠ ಇನ್ನೂ ಹತ್ತಿರದ್ದು. ನಮ್ಮ ನೆಲಬೇವು, ಕೆಲವು ಕಡೆ ಕಿರಾತಕಡ್ಡಿ ಎಂದೂ ಕರೆಯುವ ಆ ಪರಮ ಕಹಿ ಗಿಡ ಚೀನೀ ವೈದ್ಯದಲ್ಲೂ ಇದೆ. ಶಾಂಘೈ ಮೂಲದ ಕಂಪನಿಯೊಂದು ಅದರ ಸಾರದಿಂದ ಗುಳಿಗೆ ಮಾಡಿ 224 ಕೊಲೈಟಿಸ್ ರೋಗಿಗಳಿಗೆ ಕೊಟ್ಟು ನೋಡಿತು. 2013ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ದಿನಕ್ಕೆ 1800 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 60, ಖಾಲಿ ಮಾತ್ರೆಯವರಲ್ಲಿ ಶೇ 40 ಮಂದಿಗೆ ಗುಣ ಕಂಡಿತು. ಆಸೆ ಹುಟ್ಟಿತು. ದೊಡ್ಡ ಪರೀಕ್ಷೆಗೆ ಹೋದರು. 2014ರಲ್ಲಿ ಮಧ್ಯದ ಲೆಕ್ಕಾಚಾರದಲ್ಲೇ ಫಲ ಸಿಗುವ ಲಕ್ಷಣವಿಲ್ಲ ಎಂದು ಕಂಡು ನಿಲ್ಲಿಸಿದರು. ನೆಲಬೇವು ಕಷಾಯ ಕುಡಿದು ತನಗೆ ಗುಣವಾಯಿತು ಎನ್ನುವ ನಿಮ್ಮ ಚಿಕ್ಕಪ್ಪ ಸುಳ್ಳು ಹೇಳುತ್ತಿಲ್ಲ. ಏನೂ ಇಲ್ಲದ ಮಾತ್ರೆಗೂ ನೂರಕ್ಕೆ ನಲವತ್ತು ಮಂದಿ ಗುಣ ಕಂಡ ಕಾಯಿಲೆ ಇದು, ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿದ್ದ ಮದ್ದಿಗೆ ಹೆಸರು ಬರುತ್ತದೆ.

ಅರಿಸಿನದ ಕತೆ ಇವೆರಡಕ್ಕಿಂತ ಹಸನು. ಮೆಸಲಮಿನ್ ಜೊತೆಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟ 2015ರ ಪರೀಕ್ಷೆಯಲ್ಲಿ ಒಂದು ತಿಂಗಳಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಹತೋಟಿಗೆ ಬಂದರು. ಖಾಲಿ ಮಾತ್ರೆಯವರಲ್ಲಿ ಒಬ್ಬರೂ ಇಲ್ಲ. ದೆಹಲಿಯ ಏಮ್ಸ್‌ನವರು 450 ಮಿಲಿಗ್ರಾಂ ಕೊಟ್ಟು ನೋಡಿದಾಗ ಏನೂ ಲಾಭವಾಗಲಿಲ್ಲ. ಅಂದರೆ ಪ್ರಮಾಣ ಮುಖ್ಯ. ಅಡುಗೆಯ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು, 3 ಗ್ರಾಂ ಬೇಕೆಂದರೆ ದಿನಕ್ಕೆ 100 ಗ್ರಾಂ ಅರಿಸಿನ ತಿನ್ನಬೇಕು! ಹಾಲಿಗೆ ಚಿಟಿಕೆ ಹಾಕಿ ಕುಡಿದದ್ದು ಮನಸ್ಸಿಗೆ ಸಮಾಧಾನ, ಅಷ್ಟೆ. ಗುಳಿಗೆ ಬೇಕೆನಿಸಿದರೆ ಮೆಸಲಮಿನ್ ಬಿಡದೆ, ವೈದ್ಯರಿಗೆ ಹೇಳಿ, ಯಕೃತ್ತಿನ ಪರೀಕ್ಷೆ ಮಾಡಿಸುತ್ತ ತೆಗೆದುಕೊಳ್ಳಿ. ಮೆಣಸಿನ ಸಾರ ಸೇರಿಸಿ ಹೀರಿಕೆ ಹೆಚ್ಚಿಸಿದ ಕರ್ಕ್ಯುಮಿನ್‌ನಿಂದ ಯಕೃತ್ತು ಕೆಟ್ಟ ವರದಿಗಳಿವೆ.

ಅಂದಹಾಗೆ ಚೀನೀ ವೈದ್ಯಪದ್ಧತಿ ನಮ್ಮ ಆಯುಷ್ ಪಟ್ಟಿಯಲ್ಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಆಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿದೆ, ಗುಳಿಗೆ ಕಷಾಯಕ್ಕಲ್ಲ. ಹಾಗಾಗಿ ‘ಚೈನೀಸ್ ಹರ್ಬಲ್’ ಎಂದು ಊರಲ್ಲಿ ಯಾರಾದರೂ ಪುಡಿ ಕೊಟ್ಟರೆ ಅದರ ಹಿಂದೆ ಇಲ್ಲಿನ ಯಾವ ಕಾನೂನಿನ ಕಾವಲೂ ಇಲ್ಲ. ಆಯುರ್ವೇದಕ್ಕಾದರೆ ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆ ಇದೆ. ಪದವಿ ಪಡೆದ ವೈದ್ಯರ ಮುಂದೆ ಸ್ಕೋಪಿ ರಿಪೋರ್ಟ್ ಇಟ್ಟು ಮಾತಾಡಬಹುದು.

ಅಲ್ಲಿ ಕೇಳಬೇಕಾದ್ದು ಕೆಲವಿವೆ. ಗ್ರಹಣಿಗೆ, ಅಂದರೆ ಬಹುಕಾಲದ ಭೇದಿಗೆ, ಕೊಡುವ ಪರ್ಪಟಿ ಎಂಬ ಮದ್ದುಗಳಲ್ಲಿ ಪಾದರಸ ಇರುತ್ತದೆ. ತಿಂಗಳುಗಟ್ಟಲೆ ಅದು ಬೇಡ, ಮೆಸಲಮಿನ್ ನುಂಗುತ್ತಿರುವ ಮೂತ್ರಪಿಂಡಕ್ಕೆ ಇನ್ನೊಂದು ಹೊರೆ. ಜ್ಯೇಷ್ಠಮಧು ಚೀನೀ ಕಷಾಯದಲ್ಲೂ ನಮ್ಮದರಲ್ಲೂ ಧಾರಾಳ. ಸ್ಟೆರಾಯ್ಡ್ ಜೊತೆ ಸೇರಿದರೆ ಪೊಟ್ಯಾಸಿಯಂ ಇಳಿಸುತ್ತದೆ, ಬಿ.ಪಿ. ಏರಿಸುತ್ತದೆ. ಕೋವಿಡ್ ಕಾಲದಿಂದ ಮನೆಮನೆಯ ಬೇಲಿಗೆ ಹಬ್ಬಿದ ಅಮೃತಬಳ್ಳಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವಂಥದ್ದು. ಐಬಿಡಿ ಎಂದರೆ ಆ ಶಕ್ತಿಯೇ ದಾರಿ ತಪ್ಪಿದ ಸ್ಥಿತಿ, ಅದನ್ನು ತಗ್ಗಿಸಲೆಂದೇ ಅಜಥಿಯೊಪ್ರಿನ್ ಕೊಟ್ಟಿರುತ್ತಾರೆ. ಒಂದು ಕೈಯಲ್ಲಿ ಬ್ರೇಕು, ಇನ್ನೊಂದರಲ್ಲಿ ಆಕ್ಸಿಲರೇಟರು. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು ದಾಖಲಿಸಿದ್ದಾರೆ. ರೋಗ ಜೋರಿರುವಾಗ ಹರಳೆಣ್ಣೆಯ ವಿರೇಚನ, ಸೋನಾಮುಖಿ ಖಂಡಿತ ಬೇಡ. ಉಬ್ಬಿದ ಕರುಳು ಒಡೆಯಬಹುದು.

ಲೇಬಲ್ ಇಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ರಕ್ತ ನಿಲ್ಲಿಸಿ, ಹಸಿವು ಹೆಚ್ಚಿಸಿ, ಮುಖ ಗುಂಡಗೆ ಮಾಡಿತೋ, ಅದರೊಳಗೆ ಸ್ಟೆರಾಯ್ಡ್ ಇರುವ ಸಾಧ್ಯತೆಯನ್ನು ಮೊದಲು ಯೋಚಿಸಿ.

ಕೊಡಸಿಗೆ ಹೂವಿನ ತಂಬುಳಿ, ದಾಳಿಂಬೆ ಸಿಪ್ಪೆಯ ತಂಬುಳಿ, ಪೇರಳೆ ಕುಡಿ? ಊಟದ ಜೊತೆ ಊಟವಾಗಿ ತಿನ್ನಿ, ನನ್ನ ತಕರಾರಿಲ್ಲ. ಕೊಡಸಿಗೆ ಅಂದರೆ ಆಯುರ್ವೇದದ ಕುಟಜ, ಆಮಶಂಕೆಗೆ ಹಳೆಯ ಮದ್ದು. ಆದರೆ ತಂಬುಳಿಯನ್ನು ಮೆಸಲಮಿನ್ ಜಾಗದಲ್ಲಿ ಕೂರಿಸಬೇಡಿ. ಗುಣವಾಯಿತೆಂದು ಮೆಸಲಮಿನ್ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಾಧ್ಯತೆ ಐದು ಪಟ್ಟು ಹೆಚ್ಚು ಎಂದು ಕಂಡುಬಂದಿದೆ. ಕ್ರೋನ್ಸ್‌ನಿಂದ ಕರುಳು ಕಿರಿದಾದವರು ಮಳೆಗಾಲದ ಕಳಲೆ, ಹಲಸಿನ ನಾರು ಬಿಡಬೇಕು, ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಉಳಿದವರಿಗೆ ರೋಗ ಶಾಂತವಾಗಿರುವಾಗ ಇಂಥ ಪಥ್ಯವೇನೂ ಬೇಕಿಲ್ಲ. ಹಾಲು ಎಲ್ಲರಿಗೂ ಆಗದು ಎಂಬುದೂ ನಿಜವಲ್ಲ. ಅಡಿಕೆ ಕೊಯ್ಲಿನ ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್ ಮಾತ್ರ ರೋಗವನ್ನು ಕೆರಳಿಸುತ್ತದೆ. ಪ್ಯಾರಾಸಿಟಮಾಲ್ ಸಾಕು.

ಚಿಕಿತ್ಸೆ ಎಲ್ಲಿ? ರಕ್ತ, ಮಲ, ಎಕ್ಸ್‌ರೇ, ಕ್ಷಯದ ಪರೀಕ್ಷೆಗೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಇದೆ, ಕ್ಷಯದ ಔಷಧಿ ಸರ್ಕಾರದಿಂದ ಉಚಿತ. ಕೊಲೊನೊಸ್ಕೋಪಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಗಳಲ್ಲಿ ಆಗುತ್ತದೆ. ಕ್ಲಿಷ್ಟವಾದರೆ ಮಣಿಪಾಲ, ಇಲ್ಲವೇ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ. ದಿನಕ್ಕೆ ಹತ್ತು ಸಲ ಓಡುವ ರೋಗಿಯನ್ನು ಮಣಿಪಾಲಕ್ಕೆಂದು ಆಗುಂಬೆ ಘಾಟಿಯ ಬಸ್ಸಿನಲ್ಲಿ ಕೂರಿಸುವುದು ಶಿಕ್ಷೆ. ಶಿವಮೊಗ್ಗ, ಭದ್ರಾವತಿ ಎರಡೂ ಕಡೆಯಿಂದ ಬೆಂಗಳೂರಿಗೆ ರೈಲಿದೆ, ರೈಲಿನಲ್ಲಿ ಶೌಚಾಲಯವಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು, ಆದರೆ ಅದು ಹೆಚ್ಚಾಗಿ ಒಳರೋಗಿಗಳಿಗೆ, ತಿಂಗಳ ಮಾತ್ರೆಗಲ್ಲ. ಹೊರಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆಯಿರಿ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಕಾಗದನಗರದ ಎಷ್ಟೋ ಮನೆಗಳಲ್ಲಿ ಮಾತ್ರೆಯ ಖರ್ಚೇ ದೊಡ್ಡ ಚಿಂತೆ. ಹಣವಿಲ್ಲದೆ ಮಾತ್ರೆ ಅರ್ಧ ಮಾಡಿಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಸಲ್ಫಸಲಜಿನ್, ಅಜಥಿಯೊಪ್ರಿನ್‌ನಂಥ ಅಗ್ಗದ ದಾರಿಗಳಿವೆ, ಜನೌಷಧಿ ಮಳಿಗೆಯಲ್ಲೂ ವಿಚಾರಿಸಬಹುದು.

ಬೆಂಗಳೂರಿನಿಂದ ಅಡಲಿಮುಮ್ಯಾಬ್ ತರುವವರು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲೇ ತನ್ನಿ. ಇಂಜೆಕ್ಷನ್ ಐಸಿಗೆ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಮನೆಯಲ್ಲಿ 2ರಿಂದ 8 ಡಿಗ್ರಿ, ಫ್ರೀಜರಿನಲ್ಲಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಹಳ್ಳಿಯವರು ಪಟ್ಟಣದ ನೆಂಟರ ಫ್ರಿಜ್ಜಿನಲ್ಲಿಟ್ಟು, ದಿನಕ್ಕೆ ಸರಿಯಾಗಿ ಹೋಗಿ ಚುಚ್ಚಿಸಿಕೊಳ್ಳುವುದು ಲೇಸು. ಈ ಔಷಧಿಗಳ ಮೇಲಿರುವಾಗ ಜೀವಂತ ವೈರಾಣು ಇರುವ ಲಸಿಕೆ ಬೇಡ. ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಸಾಗರ, ತೀರ್ಥಹಳ್ಳಿ ಕಡೆ ಕಾಡಂಚಿನಲ್ಲಿರುವವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ ಮಂಗನ ಕಾಯಿಲೆಯ ಪರೀಕ್ಷೆಗೆ ಹೋದಲ್ಲೇ ಐಬಿಡಿ ಔಷಧಿಯ ಹೆಸರನ್ನೂ ಹೇಳಬೇಕು.

ಗರ್ಭಿಣಿಯಾದ ಕೂಡಲೇ ಎಲ್ಲ ಮಾತ್ರೆ ನಿಲ್ಲಿಸುವ ಹೆಣ್ಣುಮಕ್ಕಳಿಗೆ ಒಂದು ಮಾತು. ಮೆಸಲಮಿನ್, ಅಜಥಿಯೊಪ್ರಿನ್ ಸಾಮಾನ್ಯವಾಗಿ ಮುಂದುವರಿಸಬಹುದಾದವು, ಕೆಲವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಮತ್ತು ಟೊಫಾಸಿಟಿನಿಬ್ ಮಾತ್ರ ಗರ್ಭಕ್ಕೆ ಮೊದಲೇ ನಿಲ್ಲಬೇಕು. ಮಗುವಿಗೆ ಮಾತ್ರೆಗಿಂತ ಕೆರಳಿದ ಕರುಳೇ ಹೆಚ್ಚು ಕೇಡು. ಕೊಲೈಟಿಸ್ ಶುರುವಾಗಿ ಎಂಟು ವರ್ಷವಾದವರು ಆರಾಮಿದ್ದರೂ ಕ್ಯಾನ್ಸರ್ ಹುಡುಕಲು ಸ್ಕೋಪಿ ಮಾಡಿಸಬೇಕು. ಇನ್ನು ದಿನಕ್ಕೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಗಿ, ಜೊತೆಗೆ ನಾಡಿ 90 ದಾಟಿದರೆ ಅಥವಾ ಜ್ವರ 100 ಡಿಗ್ರಿ ಮುಟ್ಟಿದರೆ, ಹೊಟ್ಟೆ ಉಬ್ಬಿ ಬಿಗಿದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಅಡ್ಮಿಟ್ ಆಗಿ. ಕುಡಿಯುತ್ತಿದ್ದ ಕಷಾಯದ ಬಾಟಲಿ, ಪುಡಿಯ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡೇ ಹೋಗಿ.